ಬೆರಳು ಆಡಿಸಿದ್ದು ಯಾರು?

ಎದುರಿಗೆ ಗಡಿಯಾರದ ಮುಖದಂಥ ಒಂದು ಪರದೆ. ಅದರ ಅಂಚಿನಲ್ಲಿ ಬೆಳಕಿನ ಚುಕ್ಕಿಯೊಂದು 2.56 ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿರುತ್ತದೆ. ಕುರ್ಚಿಯಲ್ಲಿ ಕೂತವರು ತಮಗೆ ಬೇಕೆನಿಸಿದಾಗ ಬೆರಳನ್ನೋ ಮಣಿಕಟ್ಟನ್ನೋ ಒಮ್ಮೆ ಆಡಿಸಬೇಕು. ಯಾವಾಗ ಎಂದು ಮುಂಚಿತವಾಗಿ ಲೆಕ್ಕ ಹಾಕಿಕೊಳ್ಳಬಾರದು. ಆಡಿಸಿದ ಮೇಲೆ ಅವರಿಗೆ ಒಂದೇ ಪ್ರಶ್ನೆ: ‘ಆಡಿಸೋಣ’ ಅನ್ನಿಸಿದ ಗಳಿಗೆಯಲ್ಲಿ ಚುಕ್ಕಿ ಎಲ್ಲಿತ್ತು? ಅಷ್ಟರಲ್ಲಿ ತಲೆಗೆ ಅಂಟಿಸಿದ ತಂತಿಗಳು ಮಿದುಳಿನ ಚಟುವಟಿಕೆಯನ್ನೂ ತೋಳಿಗೆ ಅಂಟಿಸಿದವು ಸ್ನಾಯುವಿನ ಸೆಳೆತವನ್ನೂ ದಾಖಲಿಸಿಕೊಂಡಿರುತ್ತವೆ.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಬೆಂಜಮಿನ್ ಲಿಬೆಟ್ ಈ ಪ್ರಯೋಗದ ಫಲಿತಾಂಶವನ್ನು 1983ರಲ್ಲಿ ಪ್ರಕಟಿಸಿದರು. ಸಲಕರಣೆ ಇಷ್ಟೇ, ತತ್ವಶಾಸ್ತ್ರದವರ ನಿದ್ದೆ ಕೆಡಿಸಲು ಅಷ್ಟು ಸಾಕಾಯಿತು. ‘ಆಡಿಸೋಣ’ ಎಂಬ ಅನಿಸಿಕೆ ಮೂಡಿದ್ದು ಕೈ ಅಲುಗುವ ಸುಮಾರು 200 ಮಿಲಿಸೆಕೆಂಡು ಮೊದಲು. ಮಿದುಳಿನ ವಿದ್ಯುತ್ ಸಂಕೇತ ಏರತೊಡಗಿದ್ದು ಸುಮಾರು 550 ಮಿಲಿಸೆಕೆಂಡು ಮೊದಲು. ಅಂದರೆ ಮಿದುಳು ಕೆಲಸಕ್ಕೆ ಹೊರಟು ಸೆಕೆಂಡಿನ ಮೂರನೇ ಒಂದು ಭಾಗ ಕಳೆದ ಮೇಲೆ, ಆ ಕೆಲಸದ ಯಜಮಾನ ತಾನೆಂದು ನಂಬಿರುವವನಿಗೆ ಸುದ್ದಿ ಮುಟ್ಟುತ್ತದೆ.

ದೇವರ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು ಎಂಬ ಮಾತು ನಮ್ಮಲ್ಲಿ ಹಳೆಯದು. ಲಿಬೆಟ್ ನಂತರ ಅದಕ್ಕೊಂದು ಹೊಸ ಆವೃತ್ತಿ ಸಿಕ್ಕಿತು: ನರಕೋಶಗಳ ಅಪ್ಪಣೆಯಿಲ್ಲದೆ ಬೆರಳೂ ಅಲುಗದು. ಸ್ವತಂತ್ರ ಇಚ್ಛೆ ಬರೀ ಭ್ರಮೆ, ವಿಜ್ಞಾನ ಅದನ್ನು ಸಾಬೀತು ಮಾಡಿದೆ ಎಂದು ಪುಸ್ತಕಗಳು ಬಂದವು, ಭಾಷಣಗಳಾದವು. ಲಿಬೆಟ್ ಮಾತ್ರ ಅಷ್ಟು ದೂರ ಹೋಗಲಿಲ್ಲ. ಶುರುಮಾಡುವುದು ನಮ್ಮ ಕೈಯಲ್ಲಿಲ್ಲದಿರಬಹುದು, ಆದರೆ ಕೊನೆಯ ಗಳಿಗೆಯಲ್ಲಿ ‘ಬೇಡ’ ಎಂದು ತಡೆಯುವ ಅಧಿಕಾರ ಇದೆ ಎಂಬುದು ಅವರ ವಾದವಾಗಿತ್ತು. ಈ ಮಾತನ್ನು ಉಲ್ಲೇಖಿಸುವವರು ಕಡಿಮೆ.

ಆ ಏರುವ ಸಂಕೇತವನ್ನು ಮೊದಲು ಕಂಡವರು ಲಿಬೆಟ್ ಅಲ್ಲ. 1964ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಹಾನ್ಸ್ ಕಾರ್ನ್‌ಹ್ಯೂಬರ್ ಮತ್ತು ಅವರ ವಿದ್ಯಾರ್ಥಿ ಲ್ಯೂಡರ್ ಡೀಕೆ ಅದನ್ನು ಪತ್ತೆ ಮಾಡಿದ್ದರು. ಅದಕ್ಕೆ ಕನ್ನಡದಲ್ಲಿ ಸಿದ್ಧತಾ ವಿಭವ ಎನ್ನಬಹುದು. ಅವರಿಗಿದ್ದ ತೊಂದರೆ ಸ್ವಾರಸ್ಯದ್ದು. ಈ ಸಂಕೇತ ಎಷ್ಟು ಸಣ್ಣದೆಂದರೆ ಒಂದು ಸಲದ ಇಇಜಿಯಲ್ಲಿ, ಅಂದರೆ ಮಿದುಳಿನ ವಿದ್ಯುತ್ ದಾಖಲೆಯಲ್ಲಿ, ಅದು ಗದ್ದಲದೊಳಗೆ ಮುಳುಗಿ ಹೋಗುತ್ತದೆ; ಹತ್ತಾರು ದಾಖಲೆಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರಷ್ಟೇ ಮೇಲೇಳುತ್ತದೆ. ಆದರೆ ಮನುಷ್ಯ ಯಾವಾಗ ಬೆರಳು ಆಡಿಸುತ್ತಾನೋ ಮೊದಲೇ ಗೊತ್ತಿಲ್ಲವಲ್ಲ, ಹೊಂದಿಸುವುದು ಹೇಗೆ? ಅವರು ಎಲ್ಲವನ್ನೂ ಟೇಪಿನಲ್ಲಿ ದಾಖಲಿಸಿ, ಆಮೇಲೆ ಟೇಪನ್ನು ಹಿಂದುಮುಂದಾಗಿ ಓಡಿಸಿದರು. ಬೆರಳು ಅಲುಗಿದ ಕ್ಷಣದಿಂದ ಶುರುಮಾಡಿ ಹಿಂದಕ್ಕೆ ಹೋದರೆ ಎಲ್ಲ ದಾಖಲೆಗಳೂ ಒಂದೇ ಗೆರೆಗೆ ಬರುತ್ತವೆ.

ಜಾಣ ಉಪಾಯ. ಮುಂದಿನ ಅರ್ಧ ಶತಮಾನದ ಗೊಂದಲವೂ ಇದರಲ್ಲೇ ಅಡಗಿತ್ತು.

ಮಳೆಗಾಲದಲ್ಲಿ ತುಂಬಿ, ಕೋಡಿಯ ಮಟ್ಟಕ್ಕೆ ಬಂದು ನಿಂತ ಕೆರೆಯನ್ನು ನೆನೆಯಿರಿ. ಗಾಳಿಗೆ ಅಲೆಗಳು ಏಳುತ್ತವೆ, ಬೀಳುತ್ತವೆ. ಯಾವುದೋ ಒಂದು ಅಲೆ ತುಸು ಎತ್ತರಕ್ಕೆದ್ದಾಗ ನೀರು ಕೋಡಿಯನ್ನು ದಾಟಿ ಹರಿಯುತ್ತದೆ. ಈಗ ನೀರು ದಾಟಿದ ಕ್ಷಣಗಳನ್ನಷ್ಟೇ ಆರಿಸಿ, ಪ್ರತಿಯೊಂದರ ಹಿಂದಿನ ಒಂದೆರಡು ಸೆಕೆಂಡಿನ ನೀರಿನ ಮಟ್ಟವನ್ನು ಸರಾಸರಿ ತೆಗೆದು ನೋಡಿ. ಮಟ್ಟ ಮೆಲ್ಲಗೆ, ಒಂದೇ ಸಮನೆ ಏರುತ್ತ ಬಂದಂತೆ ಕಾಣುತ್ತದೆ. ಕೆರೆ ಮೊದಲೇ ತೀರ್ಮಾನಿಸಿ ಸಿದ್ಧತೆ ನಡೆಸಿತ್ತೋ ಎಂಬಂತೆ! ನಿಜದಲ್ಲಿ ಅಲ್ಲಿದ್ದದ್ದು ಅಲೆಗಳ ಏರಿಳಿತ. ದಾಟಿದ ಅಲೆಗಳನ್ನು ಮಾತ್ರ ಎಣಿಸಿದ್ದರಿಂದ ಏರಿಕೆ ಕಾಣಿಸಿತು.

2012ರಲ್ಲಿ ಆರನ್ ಶರ್ಗರ್, ಹಕೋಬೊ ಸಿಟ್, ಸ್ಟಾನಿಸ್ಲಾಸ್ ಡೆಹಾನ್ ಸೇರಿ ಪ್ರಕಟಿಸಿದ ಪ್ರಬಂಧದ ತಿರುಳು ಹೆಚ್ಚುಕಡಿಮೆ ಇದೇ. ಬೆರಳು ಆಡಿಸಲು ಯಾವ ನಿರ್ದಿಷ್ಟ ಕಾರಣವೂ ಇಲ್ಲದಾಗ, ಮಿದುಳಿನಲ್ಲಿ ಸದಾ ನಡೆಯುವ ಏರಿಳಿತ ಒಂದು ಮಟ್ಟವನ್ನು ದಾಟಿದಾಗ ಚಲನೆ ಹುಟ್ಟುತ್ತದೆ. ಹಿಂದಕ್ಕೆ ಹೋಗಿ ಸರಾಸರಿ ತೆಗೆದರೆ ಅದು ಸಿದ್ಧತಾ ವಿಭವದ ಆಕಾರವನ್ನೇ ಕೊಡುತ್ತದೆ. ಇದು ಸರಿಯಾದರೆ, 550 ಮಿಲಿಸೆಕೆಂಡು ಮೊದಲು ಮಿದುಳು ‘ತೀರ್ಮಾನಿಸಿತ್ತು’ ಎಂಬ ಓದೇ ತಪ್ಪು. ಚರ್ಚೆ ಇನ್ನೂ ಮುಗಿದಿಲ್ಲ. ಆದರೆ 1983ರ ಅಂಕಿ ಇಟ್ಟುಕೊಂಡು ಇಚ್ಛಾಸ್ವಾತಂತ್ರ್ಯದ ತಿಥಿ ಮಾಡಿದವರು ಆತುರಪಟ್ಟರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು ಸಂಶಯ ಯಾರಿಗಾದರೂ ಬರಬೇಕಾದದ್ದು. ಬೆರಳು ಈಗ ಆಡಿಸಿದರೇನು, ಎರಡು ಸೆಕೆಂಡು ಬಿಟ್ಟು ಆಡಿಸಿದರೇನು? ಮಗಳನ್ನು ಯಾವ ಕಾಲೇಜಿಗೆ ಸೇರಿಸುವುದು, ಜಮೀನು ಮಾರುವುದೋ ಬೇಡವೋ ಎಂಬಂಥ ತೀರ್ಮಾನಗಳಿಗೂ ಇದಕ್ಕೂ ಏನು ಸಂಬಂಧ? 2019ರಲ್ಲಿ ಉರಿ ಮಾವೋಜ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಭಾಗವಹಿಸಿದವರು ಎರಡು ಸೇವಾಸಂಸ್ಥೆಗಳಲ್ಲಿ ಒಂದನ್ನು ಗುಂಡಿ ಒತ್ತಿ ಆರಿಸಬೇಕು. ಕೆಲವು ಸುತ್ತುಗಳಲ್ಲಿ ಅವರ ಆಯ್ಕೆಯಿಂದ 1000 ಡಾಲರ್ ದೇಣಿಗೆ ಯಾರಿಗೆಂಬುದು ತೀರ್ಮಾನವಾಗುವ ಸಾಧ್ಯತೆ ಇತ್ತು. ಉಳಿದವುಗಳಲ್ಲಿ ಯಾವುದನ್ನು ಒತ್ತಿದರೂ ಎರಡಕ್ಕೂ ಸಮಪಾಲು. ಏನು ಒತ್ತಿದರೂ ಒಂದೇ ಎಂಬಲ್ಲಿ ಸಿದ್ಧತಾ ವಿಭವ ಎಂದಿನಂತೆ ಕಂಡಿತು. ಯೋಚಿಸಿ ಆರಿಸಬೇಕಾದಲ್ಲಿ ಅದು ಕಾಣಲೇ ಇಲ್ಲ, ಕಂಡರೂ ತೀರ ಕ್ಷೀಣ.

ಹಾಗಾದರೆ ‘ನಾನು’ ಸುರಕ್ಷಿತವೆ? ನನ್ನ ಮಟ್ಟಿಗೆ ಲಿಬೆಟ್‌ಗಿಂತ ಹೆಚ್ಚು ಕಾಡುವುದು ಫ್ರಾನ್ಸಿನಿಂದ ಬಂದ ಒಂದು ವರದಿ. ಮಿದುಳಿನ ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರವಾಗಿದ್ದ 7 ರೋಗಿಗಳ ಮೇಲೆ ಮಿಷೆಲ್ ಡೆಮ್ಯುರ್ಜೆ, ಏಂಜೆಲಾ ಸಿರಿಗು ಮುಂತಾದವರು ನಡೆಸಿದ ಅಧ್ಯಯನ ಅದು, 2009ರಲ್ಲಿ ಪ್ರಕಟವಾಯಿತು. ಮಿದುಳಿನ ಪಾರ್ಶ್ವಭಾಗದ ಒಂದೆಡೆ ಸಣ್ಣ ವಿದ್ಯುತ್ ಹಾಯಿಸಿದಾಗ ರೋಗಿಗಳಿಗೆ ಕೈ ಆಡಿಸಬೇಕು, ತುಟಿ ಅಲುಗಿಸಬೇಕು ಎಂಬ ಬಲವಾದ ಆಸೆ ಹುಟ್ಟಿತು. ವಿದ್ಯುತ್ ಹೆಚ್ಚಿಸಿದಾಗ ಆಡಿಸಿಯೇ ಬಿಟ್ಟೆವು ಎಂದು ನಂಬಿದರು. ಸ್ನಾಯುವಿನಲ್ಲಿ ಒಂದು ಮಿಡಿತವೂ ಇರಲಿಲ್ಲ. ಇನ್ನೊಂದು ಜಾಗಕ್ಕೆ ವಿದ್ಯುತ್ ಕೊಟ್ಟಾಗ ಕೈ ನಿಜವಾಗಿ ಅಲುಗಿತು, ರೋಗಿಗೆ ಅದರ ಅರಿವೇ ಆಗಲಿಲ್ಲ. ಇಚ್ಛಿಸಿದೆ ಎಂಬ ಅನುಭವವೂ ಮಿದುಳಿನ ಒಂದು ಉತ್ಪನ್ನ, ಅದನ್ನು ಹೊರಗಿನಿಂದ ತಯಾರಿಸಬಹುದು ಎಂದಾಯಿತು. ಇಲ್ಲಿ ಸರಾಸರಿಯ ಆಟ ಏನೂ ಇಲ್ಲ.

ತಲೆಯೊಳಗೆ ಹೀಗೆ ಇಣುಕುವ ಆಸೆ ನಮ್ಮ ಪೊಲೀಸರಿಗೂ ಇತ್ತು. ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಎಂಬ ಪದಗಳು ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ದಿನವೂ ಕಾಣುತ್ತಿದ್ದ ಕಾಲವೊಂದಿತ್ತು. ಬೆಂಗಳೂರು ಅದಕ್ಕೆ ಹೆಸರುವಾಸಿಯೂ ಆಗಿತ್ತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಈ ಪರೀಕ್ಷೆಗಳನ್ನು ಯಾರ ಮೇಲೂ ನಡೆಸುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದೆಂಬ ಸಂವಿಧಾನದ 20(3)ನೇ ವಿಧಿ ತೀರ್ಪಿನ ಆಧಾರಗಳಲ್ಲಿ ಒಂದು. ಇಚ್ಛೆ ಸ್ವತಂತ್ರವೋ ಅಲ್ಲವೋ ಎಂದು ಪ್ರಯೋಗಾಲಯ ಹೇಳುವವರೆಗೆ ನ್ಯಾಯಾಲಯ ಕಾಯಲಿಲ್ಲ. ಬಾಯಿಬಿಡುವುದಕ್ಕೂ ಬಾಯಿಬಿಡಿಸುವುದಕ್ಕೂ ಇರುವ ವ್ಯತ್ಯಾಸ ತೀರ್ಪು ಕೊಡಲು ಸಾಕಾಯಿತು.

ಇನ್ನು ಹುಲ್ಲುಕಡ್ಡಿಯನ್ನೂ ಅಲುಗಿಸುವ ಆ ದೇವರ ವಿಚಾರಕ್ಕೆ ಬಂದರೆ, ವಿಜ್ಞಾನಕ್ಕೆ ಅದು ನಿಲುಕದ್ದು ಎಂದು ಕೈತೊಳೆದುಕೊಳ್ಳುವುದು ವಾಡಿಕೆ. ಪೂರ್ತಿ ನಿಜವಲ್ಲ. ದೇವರು ಲೋಕದಲ್ಲಿ ಇಂಥ ಕೆಲಸ ಮಾಡುತ್ತಾನೆ ಎಂದೊಡನೆ ಅದು ಲೆಕ್ಕಕ್ಕೆ ಸಿಗುವ ಮಾತಾಗುತ್ತದೆ. ಇಂಗ್ಲೆಂಡಿನ ಚರ್ಚುಗಳಲ್ಲಿ ರಾಜಮನೆತನದ ಆಯುಸ್ಸಿಗಾಗಿ ತಪ್ಪದೆ ಪ್ರಾರ್ಥಿಸುತ್ತಾರಲ್ಲ, ಆ ಮನೆತನದವರು ಹೆಚ್ಚು ಬದುಕುತ್ತಾರೆಯೇ ಎಂದು ಫ್ರಾನ್ಸಿಸ್ ಗಾಲ್ಟನ್ 1872ರಲ್ಲೇ ಲೆಕ್ಕ ತೆಗೆದಿದ್ದರು. ಇತರ ಶ್ರೀಮಂತರಿಗಿಂತ ಕಡಿಮೆಯೇ ಬದುಕಿದ್ದರು. 2006ರಲ್ಲಿ ಹರ್ಬರ್ಟ್ ಬೆನ್ಸನ್ ತಂಡ ಇದನ್ನು ಆಧುನಿಕ ಶಿಸ್ತಿನಲ್ಲಿ ಮಾಡಿತು: ಅಮೆರಿಕದ 6 ಆಸ್ಪತ್ರೆಗಳು, ಹೃದಯದ ಬೈಪಾಸ್ ಆದ 1802 ರೋಗಿಗಳು. ಪ್ರಾರ್ಥನೆ ಸಿಕ್ಕೀತೋ ಇಲ್ಲವೋ ಎಂದು ಗೊತ್ತಿಲ್ಲದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಸಿಕ್ಕವರಲ್ಲಿ ಶೇ 52, ಸಿಗದವರಲ್ಲಿ ಶೇ 51 ಮಂದಿಗೆ ತೊಡಕುಗಳಾದವು. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಎಂದು ಹೇಳಿಸಿಕೊಂಡ ಮೂರನೆಯ ಗುಂಪಿನಲ್ಲಿ ಶೇ 59! ಪ್ರಾರ್ಥನೆಗೆ ಅಪರಿಚಿತರನ್ನು ಕರೆಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ ಎಂಬ ಆತಂಕವಿರಬಹುದು ಎಂದು ಊಹಿಸಿದವರಿದ್ದಾರೆ.

ನಾಸ್ತಿಕರು ಖುಷಿಪಡುವ ಮೊದಲು ಇನ್ನೊಂದು ಕಥೆ. ಕೆನಡಾದ ಸಡ್‌ಬರಿಯಲ್ಲಿ ಮೈಕೆಲ್ ಪರ್ಸಿಂಗರ್ ಎಂಬ ನರವಿಜ್ಞಾನಿ ತಲೆಗೆ ತೀರ ದುರ್ಬಲ ಕಾಂತಕ್ಷೇತ್ರ ಕೊಡುವ ಒಂದು ಶಿರಸ್ತ್ರಾಣ ಬಳಸುತ್ತಿದ್ದರು. ತೊಟ್ಟವರಲ್ಲಿ ಅನೇಕರಿಗೆ ಕೋಣೆಯಲ್ಲಿ ಯಾರೋ ಇದ್ದಂತೆ ಅನಿಸುತ್ತಿತ್ತಂತೆ. ದೇವರೆಂದರೆ ಮಿದುಳಿನ ಒಂದು ಕಂಪನ, ಅಷ್ಟೇ ಎಂದು ಸುದ್ದಿಯಾಯಿತು. 2005ರಲ್ಲಿ ಸ್ವೀಡನ್ನಿನ ಪೇರ್ ಗ್ರಾನ್‌ಕ್ವಿಸ್ಟ್ ತಂಡ, ಕಾಂತಕ್ಷೇತ್ರ ಇದೆಯೋ ಇಲ್ಲವೋ ಎಂಬುದು ಪ್ರಯೋಗ ಮಾಡುವವರಿಗೂ ತೊಟ್ಟವರಿಗೂ ತಿಳಿಯದಂತೆ ಪರೀಕ್ಷಿಸಿತು. ಕಾಂತಕ್ಷೇತ್ರದಿಂದ ಯಾವ ಪರಿಣಾಮವೂ ಕಾಣಲಿಲ್ಲ. ಸೂಚನೆಗೆ ಬೇಗ ಒಳಗಾಗುವ ಸ್ವಭಾವದವರಿಗೆ ಅನುಭವಗಳಾಗಿದ್ದವು, ಯಂತ್ರ ಚಾಲೂ ಇರಲಿ ಬಿಡಲಿ. ಪರ್ಸಿಂಗರ್ ಇದನ್ನು ಒಪ್ಪಲಿಲ್ಲ. ಪವಾಡಕ್ಕೆ ಒಡ್ಡುವ ಒರೆಗಲ್ಲನ್ನೇ ಪವಾಡದ ‘ವೈಜ್ಞಾನಿಕ’ ವಿವರಣೆಗೂ ಒಡ್ಡಬೇಕಲ್ಲವೆ. ಒರೆಗಲ್ಲಿನ ಮಾತಿಗೆ ಎಚ್. ನರಸಿಂಹಯ್ಯ ನೆನಪಾಗುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ, ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆ ಸಿಗಲಿಲ್ಲ. ನರಸಿಂಹಯ್ಯ ಕೇಳಿದ್ದು ವಸ್ತುಗಳನ್ನು ಶೂನ್ಯದಿಂದ ಸೃಷ್ಟಿಸುವ ವಿಚಾರವನ್ನು. ಲೋಕದ ಯಾವ ಕೆಲಸಕ್ಕೂ ಕೈಹಾಕದ, ಗುಣವೇ ಇಲ್ಲದ ಪರತತ್ವವನ್ನಲ್ಲ. ಅಂಥದ್ದಕ್ಕೆ ಯಾವ ಸಮಿತಿಯೂ ಪತ್ರ ಬರೆಯಲಾಗದು.

ಪ್ರಜ್ಞೆಯ ಸ್ಥಿತಿ ಇವೆರಡಕ್ಕಿಂತ ಬೇರೆ. ಇಚ್ಛಾಸ್ವಾತಂತ್ರ್ಯ ಇಲ್ಲವೆನ್ನಬಹುದು, ದೇವರಿಲ್ಲವೆನ್ನಬಹುದು. ಪ್ರಜ್ಞೆ ಇಲ್ಲವೆಂದು ಹೇಳಲೂ ಪ್ರಜ್ಞೆ ಬೇಕು. 1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್, 25 ವರ್ಷದೊಳಗೆ ಪ್ರಜ್ಞೆಯ ನರಮೂಲ ಸ್ಪಷ್ಟವಾಗಿ ಸಿಗುತ್ತದೆ ಎಂದು ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ ಜೊತೆ ಬಾಜಿ ಕಟ್ಟಿದರು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಕಾಕ್ ಸೋಲೊಪ್ಪಿ ವೈನ್ ಬಾಟಲಿಗಳನ್ನು ಒಪ್ಪಿಸಿದರು. ಪ್ರಜ್ಞೆಯ ಕುರಿತ ಎರಡು ಪ್ರಮುಖ ಸಿದ್ಧಾಂತಗಳನ್ನು, ಆಯಾ ಪಕ್ಷದವರೇ ಮುಂಚಿತವಾಗಿ ಒಪ್ಪಿದ ನಿಯಮಗಳ ಪ್ರಕಾರ, 256 ಜನರ ಮೇಲೆ ಪರೀಕ್ಷಿಸಿದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಎರಡಕ್ಕೂ ಪೆಟ್ಟು ಬಿತ್ತು, ಎರಡೂ ಸಾಯಲಿಲ್ಲ. ಈ ನಡುವೆ ಅವುಗಳಲ್ಲಿ ಒಂದನ್ನು ಹುಸಿವಿಜ್ಞಾನ ಎಂದು ಕರೆದು ನೂರಕ್ಕೂ ಹೆಚ್ಚು ವಿದ್ವಾಂಸರು ಪತ್ರಕ್ಕೆ ಸಹಿ ಹಾಕಿದ್ದರು. ನಮ್ಮ ದ್ವೈತಿ-ಅದ್ವೈತಿಗಳ ವಾಗ್ವಾದಗಳಿಗೆ ಇದು ಕಡಿಮೆಯೇನಲ್ಲ.

ಮಿದುಳಿನ ಮಿಡಿತ ಕೆಂಪು ಬಣ್ಣದ ಅನುಭವವಾಗುವುದು ಹೇಗೆ ಎಂಬ ಪ್ರಶ್ನೆ ಹಾಗೇ ಬಿದ್ದಿರುವಾಗ, ಇನ್ನೊಂದು ಪ್ರಶ್ನೆ ಸದ್ದಿಲ್ಲದೆ ಮುಂದಕ್ಕೆ ಹೋಗಿದೆ: ಈ ಹಾಸಿಗೆಯಲ್ಲಿ ಮಲಗಿರುವವರಿಗೆ ಅರಿವಿದೆಯೇ? 2006ರಲ್ಲಿ ಏಡ್ರಿಯನ್ ಓವೆನ್ ಇಂಗ್ಲೆಂಡಿನಲ್ಲಿ, ಅಪಘಾತದ ನಂತರ ಯಾವುದಕ್ಕೂ ಪ್ರತಿಕ್ರಿಯಿಸದೆ ಬಿದ್ದಿದ್ದ 23 ವರ್ಷದ ಯುವತಿಯನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಆಮೇಲೆ ಮನೆಯ ಕೋಣೆಗಳಲ್ಲಿ ಓಡಾಡುವಂತೆ. ಎರಡೂ ಸಲ ಆಕೆಯ ಮಿದುಳಿನಲ್ಲಿ ಬೆಳಗಿದ್ದು, ಆರೋಗ್ಯವಂತರು ಅದನ್ನೇ ಕಲ್ಪಿಸಿಕೊಂಡಾಗ ಬೆಳಗುವ ಜಾಗಗಳೇ. 2010ರ ಅಧ್ಯಯನದಲ್ಲಿ ಇಂಥ ರೋಗಿಯೊಬ್ಬರು ‘ಹೌದು’ ಎನ್ನಲು ಟೆನಿಸ್, ‘ಇಲ್ಲ’ ಎನ್ನಲು ಮನೆ ಎಂಬ ಒಪ್ಪಂದದ ಮೇಲೆ ಪ್ರಶ್ನೆಗಳಿಗೆ ಉತ್ತರಿಸಿದರು.

2024ರಲ್ಲಿ ಹಲವು ದೇಶಗಳ ಕೇಂದ್ರಗಳು ಒಟ್ಟುಗೂಡಿಸಿದ ಲೆಕ್ಕ ಪ್ರಕಟವಾಯಿತು. ಆಜ್ಞೆಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ರೋಗಿಗಳಲ್ಲಿ 60 ಮಂದಿ, ಅಂದರೆ ನಾಲ್ವರಲ್ಲಿ ಒಬ್ಬರು, ಮಿದುಳಿನಲ್ಲಿ ಆಜ್ಞೆಯನ್ನು ಪಾಲಿಸುತ್ತಿದ್ದರು. ಜೀವ ಉಳಿಸಿರುವ ಯಂತ್ರಗಳನ್ನು ತೆಗೆಯಬೇಕೋ ಬೇಡವೋ ಎಂದು ಮನೆಯವರೊಂದಿಗೆ ಮಾತಿಗೆ ಕೂರುವ ವೈದ್ಯರಿಗೆ ಇದು ಸಣ್ಣ ಸಂಖ್ಯೆಯಲ್ಲ. ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ. ಕೈ ಎತ್ತಿ ಎಂದರೆ ಎತ್ತುವಂಥ, ಕಣ್ಣೆದುರಿಗೇ ಆಜ್ಞೆ ಪಾಲಿಸುತ್ತಿದ್ದ 112 ರೋಗಿಗಳನ್ನೂ ಪರೀಕ್ಷಿಸಿದ್ದರು. ಅವರಲ್ಲಿ ಶೇ 38 ಮಂದಿಯಲ್ಲಷ್ಟೇ ಸಂಕೇತ ಸಿಕ್ಕಿತು. ಉಳಿದವರಿಗೆ ಅರಿವಿತ್ತು, ಪರೀಕ್ಷೆಗೆ ಅದು ಕಾಣಲಿಲ್ಲ. ಹಾಗಾಗಿ ಯಂತ್ರ ‘ಹೌದು’ ಎಂದರೆ ವೈದ್ಯರು ನಂಬುತ್ತಾರೆ. ಏನನ್ನೂ ತೋರಿಸದಿದ್ದರೆ, ಒಳಗೆ ಯಾರೂ ಇಲ್ಲ ಎಂದು ಸದ್ಯಕ್ಕೆ ಬರೆಯುವಂತಿಲ್ಲ.