ಲಿಂಕನ್ನರ ಉದ್ದೇಶವೇನು?

ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರು ಯುದ್ಧ ನಡೆಸಿದುದು ಗುಲಾಮರ ಬಿಡುಗಡೆಗಾಗಿಯೋ ದೇಶದ ಐಕ್ಯಕ್ಕಾಗಿಯೋ ಎಂಬ ವಾದವು ಇಂದಿಗೂ ತೀರಿಲ್ಲ. ಕೆಲವರು ಅವರನ್ನು ದೀನೋದ್ಧಾರಕರೆಂದು ಕೊಂಡಾಡುವರು. ಕೆಲವರು ಕರಿಯರ ಹಿತವು ಅವರಿಗೆ ರಾಜಕಾರಣದ ಆಯುಧ ಮಾತ್ರವಾಗಿತ್ತೆನ್ನುವರು. ಉಭಯ ಪಕ್ಷಗಳಿಗೂ ಆಧಾರವುಂಟು. ಆದುದರಿಂದ ನಡೆದ ಸಂಗತಿಗಳನ್ನು ಕ್ರಮವಾಗಿ ನೋಡುವುದೇ ಲೇಸೆಂದು ನಾವು ಭಾವಿಸುತ್ತೇವೆ.

೧೮೬೧ನೆಯ ಮಾರ್ಚಿಯಲ್ಲಿ ಅಧಿಕಾರ ವಹಿಸಿದಾಗ, ಗುಲಾಮಗಿರಿಯು ರೂಢಿಯಲ್ಲಿದ್ದ ಸಂಸ್ಥಾನಗಳಲ್ಲಿ ಅದರ ಗೊಡವೆಗೆ ಹೋಗುವುದಿಲ್ಲವೆಂದು ಲಿಂಕನ್ನರು ಬಹಿರಂಗವಾಗಿ ಸಾರಿದರು. ಅದೇ ವರ್ಷ ಮಿಸ್ಸೂರಿಯಲ್ಲಿ ಸೇನಾನಿ ಫ್ರೀಮಾಂಟನು ದಂಗೆಕೋರರ ಗುಲಾಮರನ್ನು ಬಿಡುಗಡೆ ಮಾಡಿ ಹೊರಡಿಸಿದ ಆಜ್ಞೆಯನ್ನು ಅವರೇ ತಿದ್ದಿಸಿದರು. ಗುಲಾಮಗಿರಿಯಿದ್ದೂ ಐಕ್ಯವನ್ನು ತೊರೆಯದಿದ್ದ ಕೆಂಟಕಿ ಮೊದಲಾದ ಗಡಿ ಸಂಸ್ಥಾನಗಳು ಕೈಬಿಟ್ಟರೆ ಸರ್ವವೂ ಕೆಟ್ಟಿತೆಂಬುದು ಅವರ ಭೀತಿ. ೧೮೬೨ನೆಯ ಆಗಸ್ಟಿನಲ್ಲಿ ಪತ್ರಿಕಾಕರ್ತ ಹೊರೇಸ್ ಗ್ರೀಲಿಗೆ ಬರೆದ ಕಾಗದದಲ್ಲಂತೂ, ಐಕ್ಯರಕ್ಷಣೆಯೇ ತಮ್ಮ ಪರಮೋದ್ದೇಶವೆಂದೂ ಗುಲಾಮರ ವಿಷಯದಲ್ಲಿ ಮಾಡುವುದೂ ಬಿಡುವುದೂ ಅದಕ್ಕೇ ಅಧೀನವೆಂದೂ ತಿಳಿಸಿದರು.

ಆದರೆ ಈ ಕಾಗದವನ್ನು ಬರೆಯುವ ಮುನ್ನವೇ, ಜುಲೈ ೨೨ರಂದು, ವಿಮೋಚನೆಯ ಕರಡನ್ನು ಅವರು ಮಂತ್ರಿಗಳೆದುರು ಓದಿದ್ದರು. ಸೋಲುಗಳ ನಡುವೆ ಹೊರಡಿಸಿದರೆ ಅದು ನಿರುಪಾಯರ ಮೊರೆಯೆನಿಸೀತೆಂದು ಮಂತ್ರಿ ಸೀವರ್ಡ್ ಎಚ್ಚರಿಸಿದುದರಿಂದ ತಡೆಹಿಡಿದರು. ಸೆಪ್ಟೆಂಬರಿನಲ್ಲಿ ಆಂಟೀಟಮ್ ಕದನವಾದ ಐದು ದಿನಗಳಲ್ಲಿ ಪ್ರಕಟಣೆ ಹೊರಟಿತು. ೧೮೬೩ನೆಯ ಜನವರಿ ೧ರಂದು ಜಾರಿಗೆ ಬಂದಿತು. ಗ್ರೀಲಿಗೆ ಬರೆದ ಕಾಗದವು ಮನಸ್ಸಿಲ್ಲದವರ ಮಾತಾಗಿರದೆ, ಬರಲಿರುವ ಆಜ್ಞೆಗೆ ಜನರನ್ನು ಅಣಿಗೊಳಿಸುವ ಮಾತಾಗಿತ್ತೆಂದು ನಮಗೆ ತೋರುತ್ತದೆ.

ಆ ಪ್ರಕಟಣೆಯು ಗಡಿ ಸಂಸ್ಥಾನಗಳಿಗೆ ಅನ್ವಯಿಸಲಿಲ್ಲವೆಂಬ ಆಕ್ಷೇಪವು ನಿಜವೇ. ಯುದ್ಧಾಧಿಕಾರದಿಂದ ಹೊರಡಿಸಿದ ಆಜ್ಞೆಯು ದಂಗೆಯೆದ್ದ ಪ್ರದೇಶಗಳನ್ನು ಮೀರಿ ನಡೆಯಲಾರದಾಗಿತ್ತು. ಆ ಕೊರತೆಯನ್ನು ತುಂಬಲು ರಾಜ್ಯಾಂಗದ ತಿದ್ದುಪಡಿಯೇ ಬೇಕಾಯಿತು. ೧೮೬೪ರ ಬೇಸಗೆಯಲ್ಲಿ ಚುನಾವಣೆಯ ಸೋಲು ಕಣ್ಣೆದುರಿಗಿದ್ದು, ಸಂಧಿಗಾಗಿ ವಿಮೋಚನೆಯ ಷರತ್ತನ್ನು ಕೈಬಿಡಿರೆಂದು ಸ್ವಪಕ್ಷೀಯರೇ ಒತ್ತಾಯಿಸಿದರೂ ಲಿಂಕನ್ನರು ಬಿಡಲಿಲ್ಲ. ೧೮೬೫ನೆಯ ಜನವರಿಯಲ್ಲಿ ಹದಿಮೂರನೆಯ ತಿದ್ದುಪಡಿಗೆ ಪ್ರತಿನಿಧಿಸಭೆಯ ಸಮ್ಮತಿ ದೊರೆಯಿಸಲು ಅವರು ಶ್ರಮಿಸಿದರು. ಡಿಸೆಂಬರಿನಲ್ಲಿ ಅದು ಸ್ಥಿರಪಟ್ಟಾಗ ನೋಡಲು ಅವರಿರಲಿಲ್ಲ. ಏಪ್ರಿಲಿನಲ್ಲಿಯೇ ಕೊಲೆಗಾರನ ಗುಂಡಿಗೆ ಬಲಿಯಾಗಿದ್ದರು.

ಅವರನ್ನು ದೋಷರಹಿತರೆನ್ನಲಾಗದು. ಕರಿಯ ಜನರು ಪರದೇಶಕ್ಕೆ ಹೋಗಿ ನೆಲೆಸುವುದು ಹಿತವೆಂದು ೧೮೬೨ರಲ್ಲಿ ಅವರ ನಿಯೋಗಕ್ಕೇ ಹೇಳಿದರು. ಅದು ಅವರ ಕೀರ್ತಿಗೆ ಕಳಂಕವೇ ಸರಿ. ಲಿಂಕನ್ನರನ್ನು ಮುಂದಕ್ಕೆ ನೂಕಿದವರನ್ನೂ ಮರೆಯಬಾರದು: ಸೇನಾಶಿಬಿರಗಳಿಗೆ ಓಡಿಬಂದ ಗುಲಾಮರು, ಫ್ರೆಡರಿಕ್ ಡಗ್ಲಸನಂಥ ವಾಗ್ಮಿಗಳು, ಐಕ್ಯಪಕ್ಷದ ಸೈನ್ಯದಲ್ಲಿ ಕಾದಿದ ಸುಮಾರು ೧,೮೦,೦೦೦ ಕರಿಯ ಯೋಧರು.

ಐಕ್ಯವು ಲಿಂಕನ್ನರ ಪ್ರತಿಜ್ಞೆ. ವಿಮೋಚನೆಯು ಅವರ ಅಂತಃಕರಣ. ಮೊದಮೊದಲು ಬೇರೆಬೇರೆಯಾಗಿದ್ದ ಇವೆರಡನ್ನು ಯುದ್ಧವು ಒಂದುಗೂಡಿಸಿತು. ಜನರಲ್ಲೊಂದು ಪಾಲನ್ನು ಸಂಕೋಲೆಯಲ್ಲಿಟ್ಟು ಕಟ್ಟಿದ ಐಕ್ಯವು ಬಾಳಲಾರದೆಂಬುದನ್ನು ಅವರು ಕಂಡುಕೊಂಡರು. ಕಂಡ ಬಳಿಕ ಹಿಂದೆಗೆಯಲಿಲ್ಲ. ರಾಜ್ಯಭಾರದ ಹೊಣೆ ಹೊತ್ತವರನ್ನು ಅಳೆಯುವಾಗ, ಅವರು ಎಲ್ಲಿಂದ ಹೊರಟರೆಂಬುದರೊಡನೆ ಎಲ್ಲಿಗೆ ಮುಟ್ಟಿದರೆಂಬುದನ್ನೂ ನೋಡುವುದು ನ್ಯಾಯ.