ಹೆಬ್ರಾನ್: ಒಪ್ಪಂದ ಅರ್ಧಕ್ಕೆ ನಿಂತ ಊರು

ಜೆರುಸಲೇಮಿನಿಂದ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರ್ ಹೋದರೆ, ದ್ರಾಕ್ಷಿ ತೋಟಗಳ ಗುಡ್ಡಗಳ ನಡುವೆ ಹೆಬ್ರಾನ್. ಅರಬ್ಬರ ಬಾಯಲ್ಲಿ ಅಲ್ ಖಲೀಲ್. ಎರಡು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರಿರುವ, ಗಾಜಿನ ಸಾಮಾನಿಗೆ ಹೆಸರಾದ ವ್ಯಾಪಾರದ ಊರು. ಇಸ್ರೇಲ್-ಪ್ಯಾಲೆಸ್ಟೀನ್ ಮಾತುಕತೆ ಎಲ್ಲಿ ಕೈಗೂಡಿತು, ಎಲ್ಲಿ ಕೈಕೊಟ್ಟಿತು ಎಂಬುದು ಇಲ್ಲಿನ ಬೀದಿಗಳಲ್ಲೇ ಕಾಣುತ್ತದೆ.

ಊರೊಳಗೆ ಹೆರೋದ್ ರಾಜನ ಕಾಲದ, ಎರಡು ಸಾವಿರ ವರ್ಷ ಹಳೆಯ ಕಲ್ಲಿನ ಕೋಟೆಗೋಡೆ. ಅಬ್ರಹಾಮನ ಸಮಾಧಿ ಅದರೊಳಗಿದೆ ಎಂಬುದು ಯಹೂದಿಗಳ ನಂಬಿಕೆ, ಮುಸ್ಲಿಮರದ್ದೂ ಹೌದು. 1994ರ ಫೆಬ್ರವರಿಯಲ್ಲಿ, ರಂಜಾನ್ ತಿಂಗಳ ಮುಂಜಾನೆ ನಮಾಜಿನಲ್ಲಿದ್ದ 29 ಜನರನ್ನು ಪಕ್ಕದ ಕಿರ್ಯತ್ ಅರ್ಬಾ ಎಂಬ ಯಹೂದಿ ವಸಾಹತಿನ ಬಾರೂಕ್ ಗೋಲ್ಡ್‌ಸ್ಟೀನ್ ಗುಂಡಿಟ್ಟು ಕೊಂದ. ಆಮೇಲೆ ಕಟ್ಟಡವೇ ಪಾಲಾಯಿತು: ಈಚೆ ಮಸೀದಿ, ಆಚೆ ಸಿನಗಾಗ್. ಅಬ್ರಹಾಮನ ಗೋರಿಯನ್ನು ಎರಡೂ ಕಡೆಯವರು ತಮ್ಮ ತಮ್ಮ ಕಿಟಕಿಯ ಸರಳುಗಳಿಂದ ನೋಡುತ್ತಾರೆ. ಗಾಯ ಇನ್ನೂ ಹಳೆಯದು. 1929ರಲ್ಲಿ ಇಲ್ಲಿ ಅರಬ್ ಗುಂಪುಗಳಿಂದ 67 ಯಹೂದಿಗಳ ಹತ್ಯೆಯಾಯಿತು. ಅಂದೇ ಅರಬ್ ನೆರೆಯವರು ಅನೇಕ ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟು ಉಳಿಸಿದರು; ಆ ಮಾತನ್ನು ಬಿಟ್ಟು ಈ ಊರಿನ ಕಥೆ ಹೇಳುವುದು ಅನ್ಯಾಯ.

1997ರ ಜನವರಿಯ ಹೆಬ್ರಾನ್ ಒಪ್ಪಂದ ಊರನ್ನೇ ಹಂಚಿತು. ಶೇ. 80ರಷ್ಟು ಭಾಗ, ಅಂದರೆ ಎಚ್1, ಪ್ಯಾಲೆಸ್ಟೀನ್ ಪ್ರಾಧಿಕಾರಕ್ಕೆ. ಉಳಿದ ಎಚ್2 ಇಸ್ರೇಲ್ ಸೇನೆಗೆ. ಪ್ಯಾಲೆಸ್ಟೀನ್ ನಾಯಕ ಅರಾಫತ್ ಜೊತೆ ಇದಕ್ಕೆ ಒಪ್ಪಿದ್ದು, ಎರಡೂ ಕಡೆಯವರ ನಡುವಿನ ಶಾಂತಿ ಕರಾರಾದ ಓಸ್ಲೊ ಒಪ್ಪಂದವನ್ನು ವಿರೋಧಿಸುತ್ತಲೇ ಅಧಿಕಾರಕ್ಕೆ ಬಂದಿದ್ದ ಇಸ್ರೇಲ್ ಪ್ರಧಾನಿ ನೆತನ್ಯಾಹು. ಇಸ್ರೇಲ್ ಸಂಸತ್ತಿನಲ್ಲಿ ಪರ 87 ಮತ, ವಿರುದ್ಧ 17. ಮಾತುಕತೆಯೇ ಅಸಾಧ್ಯ ಎನ್ನುವವರು ಈ ಲೆಕ್ಕ ನೋಡಲಿ.

ಆದರೆ ಹೆಬ್ರಾನ್ ಒಪ್ಪಂದ ತಾತ್ಕಾಲಿಕ ಏರ್ಪಾಡು. ಗಡಿ, ವಸಾಹತು, ಜೆರುಸಲೇಮ್, ನಿರಾಶ್ರಿತರು ಎಲ್ಲವೂ ಓಸ್ಲೊ ಪ್ರಕಾರ 1999ರೊಳಗೆ ತೀರ್ಮಾನವಾಗಬೇಕಿತ್ತು. ಆಗಲಿಲ್ಲ. ಗಡುವು ಮೀರಿದರೆ ಏನೆಂದು ಬರೆಯದ ಕರಾರು ಬಲವಿದ್ದವನ ಕೈಗೆ ಬೀಗದಕೈ ಕೊಟ್ಟಂತೆ. ಎಚ್2ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು, ಕೆಲವು ನೂರು ಯಹೂದಿ ವಸಾಹತುಗಾರರ ಕಾವಲಿಗಾಗಿ ಇಟ್ಟ ತಪಾಸಣಾ ಠಾಣೆಗಳ ನಡುವೆ ಬದುಕುತ್ತಾರೆ. ಒಂದು ಕಾಲದ ಮುಖ್ಯ ಪೇಟೆ ಶುಹದಾ ಬೀದಿಯ ಬಹುಪಾಲಿನಲ್ಲಿ ಅವರು ಕಾಲಿಡುವಂತಿಲ್ಲ. ಬೆಸುಗೆ ಹಾಕಿದ ಮುಂಬಾಗಿಲು ಬಿಟ್ಟು ಕೆಲವರು ಮಾಳಿಗೆ ಹತ್ತಿ ಮನೆ ಸೇರುತ್ತಾರೆ. ಮೇಲಿನ ಮನೆಗಳಿಂದ ವಸಾಹತುಗಾರರು ಎಸೆಯುವ ಕಸ ತಲೆಗೆ ಬೀಳದಂತೆ ಹಳೇ ಪೇಟೆಯ ಓಣಿಗಳ ಮೇಲೆ ಜಾಲರಿ ಬಿಗಿದಿದೆ.

ಇದನ್ನೆಲ್ಲ ಕಂಡು ವರದಿ ಮಾಡಲು ನಾರ್ವೆ, ಸ್ವೀಡನ್, ಇಟಲಿ, ಟರ್ಕಿ ಮುಂತಾದ ದೇಶಗಳ ವೀಕ್ಷಕರಿದ್ದರು. 2019ರ ಜನವರಿಯಲ್ಲಿ ಇಸ್ರೇಲ್ ಅವರ ಅವಧಿ ಮುಂದುವರಿಸಲಿಲ್ಲ. ಮತ್ತೆ ಮಾತುಕತೆಗೆ ಕೂತರೆ ಇಂಥ ಮೂರನೆಯವರನ್ನು ಒಬ್ಬರೇ ತೆಗೆದುಹಾಕಲಾಗದಂತೆ ಮೊದಲೇ ಬರೆದುಕೊಳ್ಳಬೇಕು, ಮತ್ತು ವಸಾಹತಿನ ಪ್ರಶ್ನೆಯಿಂದಲೇ ಮಾತು ಶುರುವಾಗಬೇಕು.