ಆಡಿ ಗೆದ್ದರೆ ಸಾಲದು, ಮತವೂ ಬೇಕು

2023ರ ಡಿಸೆಂಬರ್ 3ರ ಹೊತ್ತಿಗೆ ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆ ಋತುವಿನಲ್ಲಿ 13 ಪಂದ್ಯ ಆಡಿತ್ತು, ಹದಿಮೂರನ್ನೂ ಗೆದ್ದಿತ್ತು. ಹಿಂದಿನ ರಾತ್ರಿಯಷ್ಟೇ ತನ್ನ ಒಕ್ಕೂಟದ ಪ್ರಶಸ್ತಿಯೂ ಕೈಸೇರಿತ್ತು. ಅಂದು ಭಾನುವಾರ. ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೆ ಸೆಣಸಬೇಕಾದ ನಾಲ್ಕು ತಂಡಗಳ ಹೆಸರನ್ನು 13 ಸದಸ್ಯರ ಸಮಿತಿಯೊಂದು ಪ್ರಕಟಿಸುವುದಿತ್ತು. ಆಟಗಾರರೆಲ್ಲ ಒಟ್ಟಾಗಿ ಟಿ.ವಿ. ಮುಂದೆ ಕುಳಿತಿದ್ದರು. ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮ ಎಂದು ಹೆಸರುಗಳು ಹೊರಬಿದ್ದವು. ಇವುಗಳಲ್ಲಿ ಕೊನೆಯ ಎರಡು ತಂಡಗಳು ಒಂದೊಂದು ಪಂದ್ಯ ಸೋತಿದ್ದವು. ಒಂದನ್ನೂ ಸೋಲದ ಫ್ಲಾರಿಡಾ ಸ್ಟೇಟ್‌ಗೆ ಸಿಕ್ಕಿದ್ದು ಐದನೆಯ ಸ್ಥಾನ.

ಕಾರಣವಿಲ್ಲದಿರಲಿಲ್ಲ. ತಂಡದ ಸೂತ್ರಧಾರ, ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲು ಮುರಿದುಕೊಂಡಿದ್ದರು. ಅವರಿಲ್ಲದ ತಂಡ ಮೊದಲಿನ ತಂಡವಲ್ಲ ಎಂಬುದು ಸಮಿತಿಯ ಎಣಿಕೆ. ಅವರಿಲ್ಲದೆಯೂ ಮುಂದಿನ ಎರಡು ಪಂದ್ಯಗಳನ್ನು ತಂಡ ಗೆದ್ದಿತ್ತೆಂಬುದು ಲೆಕ್ಕಕ್ಕೆ ಬರಲಿಲ್ಲ. ತನ್ನ ಕಾಲು ಇನ್ನೂ ಮೊದಲೇ ಮುರಿದಿದ್ದರೆ ಚೆನ್ನಾಗಿತ್ತು, ತಂಡವೆಂದರೆ ತಾನೊಬ್ಬನೇ ಅಲ್ಲವೆಂದು ಎಲ್ಲರಿಗೂ ತಿಳಿಯುತ್ತಿತ್ತು ಎಂಬರ್ಥದ ಮಾತನ್ನು ಟ್ರಾವಿಸ್ ಅಂದೇ ಬರೆದರು.

ಅಂಕಪಟ್ಟಿ ನೋಡಿ ಸೆಮಿಫೈನಲ್ ಲೆಕ್ಕ ಹಾಕುವ ನಮ್ಮ ಕ್ರಿಕೆಟ್ ಪ್ರೇಮಿಗಳಿಗೆ ಇದೆಂಥ ನ್ಯಾಯ ಎನಿಸಬಹುದು. ಅಮೆರಿಕದವರಿಗೂ ಹಾಗೆಯೇ ಅನಿಸುತ್ತ ಬಂದು ಬಹುಕಾಲವಾಯಿತು. ಕಾಲೇಜು ಫುಟ್‌ಬಾಲ್‌ನ ಚಾಂಪಿಯನ್ ಯಾರೆಂಬುದನ್ನು ಅಲ್ಲಿ ಒಂದು ಕಾಲದಲ್ಲಿ ಪತ್ರಕರ್ತರು ನಿರ್ಧರಿಸಿದರು, ಬಳಿಕ ತರಬೇತುದಾರರು, ಆಮೇಲೆ ಕಂಪ್ಯೂಟರ್, ಕಡೆಗೆ ಸಮಿತಿ. ಆಟಗಾರರ ಪಾಲಿಗೆ ಉಳಿದದ್ದು ಮಿಕ್ಕ ಕೆಲಸ.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡಬಂದವರನ್ನು ಕೆಡವುವ ಆಟ. ಅದರ ಕಾಲೇಜು ಚರಿತ್ರೆ 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವಣ ಪಂದ್ಯದಿಂದ ಶುರುವಾಗುತ್ತದೆ. ಕಾಲೇಜು ಆಟವೆಂದು ಹಗುರವಾಗಿ ಎಣಿಸುವಂತಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1 ಲಕ್ಷ 7 ಸಾವಿರಕ್ಕೂ ಹೆಚ್ಚು ಜನ ಕೂರಬಹುದು.

ತೊಡಕಿನ ಮೂಲ ಲೆಕ್ಕಾಚಾರದಲ್ಲಿದೆ. ಮೇಲ್ದರ್ಜೆಯ ತಂಡಗಳು 130ಕ್ಕೂ ಹೆಚ್ಚು. ಮೈಮುರಿಯುವ ಆಟವಾದ್ದರಿಂದ ವಾರಕ್ಕೆ ಒಂದಕ್ಕಿಂತ ಹೆಚ್ಚು ಪಂದ್ಯ ಆಡುವಂತಿಲ್ಲ. ಋತುವಿಗೆ ಹನ್ನೆರಡು ಪಂದ್ಯವಾದರೆ ಮುಗಿಯಿತು. ಅವುಗಳಲ್ಲಿ ಹೆಚ್ಚಿನವು ‘ಕಾನ್ಫರೆನ್ಸ್’ ಎಂದು ಕರೆಯುವ ಒಕ್ಕೂಟದೊಳಗೇ ನಡೆಯುತ್ತವೆ. ಹೀಗಾಗಿ ಒಂದು ಮೂಲೆಯ ಅಜೇಯ ತಂಡ ಇನ್ನೊಂದು ಮೂಲೆಯ ಅಜೇಯ ತಂಡದ ಮುಖವನ್ನೇ ನೋಡದೆ ಋತು ಮುಗಿಯಬಹುದು. ಇಬ್ಬರಲ್ಲಿ ಯಾರು ಮೇಲು? ಉತ್ತರ ಹೇಳಬೇಕಾದ ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ, ಈ ವಿಷಯದಲ್ಲಿ ಕೈಕಟ್ಟಿ ಕುಳಿತಿದೆ. ಬಾಸ್ಕೆಟ್‌ಬಾಲ್‌ಗೆ ಅದು ಟೂರ್ನಿ ನಡೆಸುತ್ತದೆ. ಕೆಳದರ್ಜೆಯ ಫುಟ್‌ಬಾಲ್‌ಗೂ ನಡೆಸುತ್ತದೆ. ಮೇಲ್ದರ್ಜೆಯ ಫುಟ್‌ಬಾಲ್‌ಗೆ ಮಾತ್ರ ಇಲ್ಲ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುವುದು ಇದಕ್ಕೇ ಇರಬೇಕು.

ಎನ್‌ಸಿಎಎ ಹುಟ್ಟುವ ಮೊದಲೇ ಮತ್ತೊಂದು ಸಂಪ್ರದಾಯ ಬೇರುಬಿಟ್ಟಿತ್ತು. ಕ್ಯಾಲಿಫೋರ್ನಿಯಾದ ಪಸಡೀನಾ ಊರಿನಲ್ಲಿ ಹೊಸ ವರ್ಷಕ್ಕೆ ಗುಲಾಬಿ ಉತ್ಸವ ನಡೆಯುತ್ತಿತ್ತು. ನಡುಚಳಿಗಾಲದಲ್ಲೂ ಇಲ್ಲಿ ಬಿಸಿಲಿದೆ, ಹೂವಿದೆ ಎಂದು ಹೊರಗಿನವರಿಗೆ ತೋರಿಸುವುದು ಊರವರ ಹಂಬಲ. 1902ರ ಜನವರಿ 1ರಂದು ಉತ್ಸವದ ಅಂಗವಾಗಿ ಒಂದು ಫುಟ್‌ಬಾಲ್ ಪಂದ್ಯವನ್ನೂ ಇಟ್ಟರು. ಮಿಷಿಗನ್ ತಂಡ ಸ್ಟ್ಯಾನ್‌ಫರ್ಡನ್ನು 49-0 ಅಂತರದಿಂದ ಎಷ್ಟು ಬಡಿಯಿತೆಂದರೆ, ಸ್ಟ್ಯಾನ್‌ಫರ್ಡ್‌ನವರು ಪಂದ್ಯ ಮುಗಿಯುವ ಮೊದಲೇ ಸಾಕೆಂದು ಕೈಚೆಲ್ಲಿದರು. ಇದು ಮೆಚ್ಚುಗೆಯಾಗದೆ ಸಂಘಟಕರು ಕೆಲವು ವರ್ಷ ಫುಟ್‌ಬಾಲಿನ ಬದಲು ರಥದ ಓಟ ಇಟ್ಟರಂತೆ! 1916ರಲ್ಲಿ ಫುಟ್‌ಬಾಲ್ ಮರಳಿ ಬಂತು. 1922ರಲ್ಲಿ ಬಟ್ಟಲಿನಾಕಾರದ ಕ್ರೀಡಾಂಗಣ ಎದ್ದು ‘ರೋಸ್ ಬೌಲ್’ ಎಂಬ ಹೆಸರು ನಿಂತಿತು. ಅದನ್ನು ಕಂಡು ಬಿಸಿಲಿರುವ ಇತರ ಊರುಗಳೂ ಆಸೆಪಟ್ಟವು. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್ 1935ರಲ್ಲಿ ಶುರುವಾದವು. ಡಲ್ಲಾಸ್‌ನ ಕಾಟನ್ ಬೌಲ್ 1937ರಲ್ಲಿ. ಆಯಾ ಊರಿನ ಬೆಳೆಯ ಹೆಸರೇ ಪಂದ್ಯಕ್ಕೂ. ಹೋಟೆಲುಗಳು ತುಂಬುತ್ತಿದ್ದವು, ವ್ಯಾಪಾರ ನಡೆಯುತ್ತಿತ್ತು. ಈ ಪಂದ್ಯಗಳನ್ನು ಏರ್ಪಡಿಸಿದವರಾರಿಗೂ ರಾಷ್ಟ್ರೀಯ ಚಾಂಪಿಯನ್ ಯಾರೆಂಬ ಚಿಂತೆ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಆ ಚಿಂತೆ ಹಚ್ಚಿಕೊಂಡವರು ಪತ್ರಿಕೆಯವರು. ಎಪಿ ಸುದ್ದಿಸಂಸ್ಥೆ 1936ರಲ್ಲಿ ಕ್ರೀಡಾ ಬರಹಗಾರರ ಮತ ಸಂಗ್ರಹಿಸಿ ವಾರವಾರವೂ ತಂಡಗಳ ಪಟ್ಟಿ ಪ್ರಕಟಿಸತೊಡಗಿತು. ಒಂದು ಶನಿವಾರದ ಆಟಕ್ಕೂ ಮುಂದಿನ ಶನಿವಾರದ ಆಟಕ್ಕೂ ನಡುವೆ ಓದುಗರ ಬಾಯಿಗೆ ಒಂದಿಷ್ಟು ಸರಕು ಸಿಗಲೆಂಬುದೇ ಅದರ ಉದ್ದೇಶ. ಆ ವರ್ಷ ಪಟ್ಟಿಯ ತುದಿಯಲ್ಲಿ ನಿಂತ ಮಿನೆಸೋಟ ‘ರಾಷ್ಟ್ರೀಯ ಚಾಂಪಿಯನ್’ ಎನಿಸಿತು. 1950ರಲ್ಲಿ ಯುನೈಟೆಡ್ ಪ್ರೆಸ್ ತರಬೇತುದಾರರ ಮತದಿಂದ ಇನ್ನೊಂದು ಪಟ್ಟಿ ಹೊರಡಿಸಿತು. ಪಟ್ಟಿ ಎರಡಾದ ಮೇಲೆ ಚಾಂಪಿಯನ್ನರೂ ಇಬ್ಬರಾಗುವುದು ತಪ್ಪೀತೆ?

ಇನ್ನೂ ತಮಾಷೆಯೆಂದರೆ, ಬೌಲ್ ಪಂದ್ಯಗಳು ಬಹುಮಾನದ ಪ್ರವಾಸವಿದ್ದಂತೆ ಎಂದು ಬಗೆದು, ಅವು ನಡೆಯುವ ಮುನ್ನವೇ ಕೊನೆಯ ಮತದಾನ ಮುಗಿಸುತ್ತಿದ್ದರು. 1973ರಲ್ಲಿ ತರಬೇತುದಾರರು ಅಲಬಾಮವನ್ನು ಚಾಂಪಿಯನ್ ಎಂದು ಘೋಷಿಸಿದರು. ಅದಾದ ಮೇಲೆ ಅಲಬಾಮ ಶುಗರ್ ಬೌಲ್‌ನಲ್ಲಿ ನೋಟರ್ ಡೇಮ್ ಎದುರು 24-23ರಿಂದ ಸೋತಿತು. ಸೋತರೂ ಪಟ್ಟ ಉಳಿಯಿತು! ನಗೆಪಾಟಲಾದ ತರಬೇತುದಾರರು ಮರುವರ್ಷದಿಂದ ಬೌಲ್ ಪಂದ್ಯಗಳು ಮುಗಿಯುವವರೆಗೆ ಕಾಯತೊಡಗಿದರು. ಎಪಿ ಈ ಬುದ್ಧಿಯನ್ನು ಅದಕ್ಕೆ ಮೊದಲೇ ಕಲಿತಿತ್ತು.

ಹಾಗಾದರೆ ಮೊದಲೆರಡು ಸ್ಥಾನದ ತಂಡಗಳನ್ನೇ ಬೌಲ್‌ನಲ್ಲಿ ಎದುರುಬದುರು ನಿಲ್ಲಿಸಬಹುದಿತ್ತಲ್ಲ? ಒಪ್ಪಂದಗಳು ಬಿಡಲಿಲ್ಲ. 1947ರಿಂದ ರೋಸ್ ಬೌಲ್‌ನಲ್ಲಿ ಬಿಗ್ ಟೆನ್ ಒಕ್ಕೂಟದ ವಿಜೇತರು ಪಶ್ಚಿಮ ಕರಾವಳಿಯ ವಿಜೇತರೊಡನೆ ಆಡಬೇಕೆಂಬ ಕರಾರಿತ್ತು. ಉಳಿದ ಬೌಲ್‌ಗಳಿಗೂ ಇಂಥವೇ ನಂಟುಗಳು. ಒಂದನೆಯವರು ಪಸಡೀನಾದಲ್ಲಿ, ಎರಡನೆಯವರು ಮಯಾಮಿಯಲ್ಲಿ ಆಡಿ, ಇಬ್ಬರೂ ಗೆದ್ದು, ಇಬ್ಬರೂ ತಾವೇ ದೊಡ್ಡವರೆನ್ನುವುದು ನಡೆದೇ ಇತ್ತು. 1990, 1991, 1997 ಈ ಮೂರು ವರ್ಷಗಳಲ್ಲಿ ಬರಹಗಾರರದು ಒಂದು ಚಾಂಪಿಯನ್ ಆದರೆ ತರಬೇತುದಾರರದು ಇನ್ನೊಂದು.

1998ರಲ್ಲಿ ಒಕ್ಕೂಟಗಳೂ ದೊಡ್ಡ ಬೌಲ್‌ಗಳೂ ಸೇರಿ ‘ಬಿಸಿಎಸ್’ ಎಂಬ ಏರ್ಪಾಡು ತಂದವು. ಮತದಾರರ ಪಟ್ಟಿಗಳಿಗೆ ಕಂಪ್ಯೂಟರ್ ಲೆಕ್ಕವನ್ನು ಬೆರೆಸಿ ಎರಡು ತಂಡಗಳನ್ನು ಆರಿಸಿ ಫೈನಲ್ ಆಡಿಸುವುದು ಅದರ ಬಗೆ. ಯಂತ್ರಕ್ಕೆ ಪಕ್ಷಪಾತವಿಲ್ಲ, ಜಗಳ ತೀರಿತು ಎಂದುಕೊಂಡರು. 2003ರಲ್ಲಿ ಬರಹಗಾರರು, ತರಬೇತುದಾರರು ಇಬ್ಬರೂ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಮೊದಲ ಸ್ಥಾನ ಕೊಟ್ಟರು. ಒಟ್ಟು ಲೆಕ್ಕ ಅದನ್ನು ಮೂರನೆಯದಕ್ಕೆ ಇಳಿಸಿತು. ತನ್ನ ಒಕ್ಕೂಟದ ಫೈನಲ್‌ನಲ್ಲಿ 35-7ರಿಂದ ಮಣ್ಣುಮುಕ್ಕಿದ್ದ ಓಕ್ಲಹೋಮ ಮಾತ್ರ ಲೆಕ್ಕದಲ್ಲಿ ಮೊದಲನೆಯದಾಗಿಯೇ ಉಳಿಯಿತು. ಫೈನಲ್‌ನಲ್ಲಿ ಓಕ್ಲಹೋಮವನ್ನು ಸೋಲಿಸಿದ ಲೂಯಿಸಿಯಾನ ಸ್ಟೇಟ್ ಅಧಿಕೃತ ಚಾಂಪಿಯನ್ ಆಯಿತು. ಎಪಿ ಬರಹಗಾರರು ಸದರ್ನ್ ಕ್ಯಾಲಿಫೋರ್ನಿಯಾವನ್ನು ಬಿಟ್ಟುಕೊಡಲಿಲ್ಲ. ಯಾವ ರೋಗಕ್ಕೆ ಮದ್ದು ಅರೆದಿದ್ದರೋ ಅದೇ ರೋಗ ಮರಳಿತ್ತು. ಮರುವರ್ಷ ಅಜೇಯ ಆಬರ್ನ್ ತಂಡಕ್ಕೆ ಫೈನಲ್‌ನಲ್ಲಿ ಜಾಗ ಸಿಗದೆ ಮತ್ತೆ ಕೂಗೆದ್ದಿತು. ತನ್ನ ಪಟ್ಟಿಯನ್ನು ಇನ್ನು ಬಳಸಬೇಡಿ ಎಂದು ಎಪಿ ದೂರ ಸರಿಯಿತು.

2014ರಲ್ಲಿ ಕಂಪ್ಯೂಟರನ್ನು ಬದಿಗಿಟ್ಟು ಸಮಿತಿಯನ್ನು ಕೂರಿಸಿದರು. ಸದಸ್ಯರು ನಾಲ್ಕು ತಂಡ ಆರಿಸಬೇಕು, ಎರಡು ಸೆಮಿಫೈನಲ್, ಒಂದು ಫೈನಲ್. ಎದುರಾಳಿಗಳ ಬಲ, ಒಕ್ಕೂಟದ ಪ್ರಶಸ್ತಿ, ಪರಸ್ಪರ ಪಂದ್ಯದ ಫಲಿತಾಂಶ ಇವನ್ನೆಲ್ಲ ತೂಗಬೇಕು. ಮುಖ್ಯ ಆಟಗಾರರ ಗೈರುಹಾಜರಿಯನ್ನೂ ಗಣಿಸಬಹುದು. ಈ ಕೊನೆಯ ಮಾತೇ ಫ್ಲಾರಿಡಾ ಸ್ಟೇಟ್‌ಗೆ ಮುಳುವಾದದ್ದು.

ಚಿಕ್ಕ ಒಕ್ಕೂಟಗಳ ಪಾಡಂತೂ ಕೇಳುವುದೇ ಬೇಡ. 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ ಒಂದೂ ಪಂದ್ಯ ಸೋಲಲಿಲ್ಲ. ಆದರೂ ಎದುರಾಳಿಗಳು ದುರ್ಬಲರೆಂದು ಸಮಿತಿ ಕಡೆಗಣಿಸಿತು. ಆ ವರ್ಷ ಫೈನಲ್ ಆಡಿದ್ದು ಅಲಬಾಮ ಮತ್ತು ಜಾರ್ಜಿಯಾ. ಅವೆರಡನ್ನೂ ಋತುವಿನಲ್ಲಿ ಒಮ್ಮೊಮ್ಮೆ ಸೋಲಿಸಿದ್ದ ಆಬರ್ನ್ ತಂಡವನ್ನು ಸೆಂಟ್ರಲ್ ಫ್ಲಾರಿಡಾ ಪೀಚ್ ಬೌಲ್‌ನಲ್ಲಿ 34-27ರಿಂದ ಮಣಿಸಿತು. ಸುಮ್ಮನಿರದೆ ತನ್ನನ್ನು ತಾನೇ ರಾಷ್ಟ್ರೀಯ ಚಾಂಪಿಯನ್ ಎಂದು ಘೋಷಿಸಿಕೊಂಡು ಮೆರವಣಿಗೆಯನ್ನೂ ಹೊರಡಿಸಿತು. ಉದ್ಧಟತನವೆನ್ನಬಹುದು. ಆದರೆ ಅಧಿಕೃತ ಪಟ್ಟವನ್ನು ಕೊಡುವವರೇ ಇಲ್ಲದ ಕಡೆ ಅದನ್ನು ತೊಟ್ಟುಕೊಂಡವರನ್ನು ತಡೆಯುವುದು ಹೇಗೆ?

2024ರಿಂದ ತಂಡಗಳ ಸಂಖ್ಯೆ ಹನ್ನೆರಡಕ್ಕೇರಿತು. ಐದು ಸ್ಥಾನ ಒಕ್ಕೂಟ ವಿಜೇತರಿಗೆ ಮೀಸಲು. ಮಿಕ್ಕ ಏಳು ಸಮಿತಿಯ ವಿವೇಚನೆಗೆ. ಮೊದಲ ಸುತ್ತಿನ ಪಂದ್ಯಗಳು ವಿಶ್ವವಿದ್ಯಾಲಯಗಳ ಅಂಗಳದಲ್ಲೇ. ಕ್ವಾರ್ಟರ್ ಫೈನಲ್, ಸೆಮಿಫೈನಲ್‌ಗಳಿಗೆ ರೋಸ್, ಶುಗರ್, ಆರೆಂಜ್, ಕಾಟನ್, ಪೀಚ್, ಫಿಯೆಸ್ಟಾ ಎಂಬ ಆರು ಬೌಲ್‌ಗಳು. ಅದೇ ವರ್ಷ ಪಶ್ಚಿಮ ಕರಾವಳಿಯ ಹಳೆಯ ಒಕ್ಕೂಟ ಒಡೆದು, ಅದರ ನಾಲ್ಕು ತಂಡಗಳು ಬಿಗ್ ಟೆನ್‌ಗೇ ಸೇರಿಹೋದವು. ರೋಸ್ ಬೌಲ್‌ನ ಹಳೆಯ ಜೋಡಿಗೆ ಅರ್ಥವೇ ಉಳಿಯಲಿಲ್ಲ. ಇವಲ್ಲದೆ ಇನ್ನೂ ಮೂವತ್ತಕ್ಕೂ ಹೆಚ್ಚು ಬೌಲ್‌ಗಳಿವೆ. ಹನ್ನೆರಡರಲ್ಲಿ ಆರು ಪಂದ್ಯ ಗೆದ್ದವರಿಗೆ ಅಲ್ಲಿ ಆಡಲು ಅರ್ಹತೆ. ವೃತ್ತಿಪರ ತಂಡಗಳತ್ತ ಕಣ್ಣಿಟ್ಟ ಆಟಗಾರರು ಪೆಟ್ಟಾದೀತೆಂದು ಅವುಗಳಿಂದ ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿದೆ. 2023ರಲ್ಲಿ ಹಾಗೆ ಹಲವರನ್ನು ಕಳೆದುಕೊಂಡ ಫ್ಲಾರಿಡಾ ಸ್ಟೇಟ್ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾಕ್ಕೆ 63-3ರಿಂದ ಸೋತಿತು. ಸಮಿತಿ ಹೇಳಿದ್ದೇ ಸರಿ ಎಂದು ಕೆಲವರು. ಆಡಿದ್ದು ಆ ತಂಡವೇ ಅಲ್ಲವಲ್ಲ ಎಂದು ಉಳಿದವರು.

ಬಾಗಿಲು ಅಗಲವಾದರೂ ಹೊಸಿಲಿನ ಜಗಳ ನಿಂತಿಲ್ಲ. 2025ರ ಡಿಸೆಂಬರ್‌ನಲ್ಲಿ ನೋಟರ್ ಡೇಮ್ ಮತ್ತು ಮಯಾಮಿ ತಲಾ ಹತ್ತು ಪಂದ್ಯ ಗೆದ್ದು, ಎರಡು ಸೋತು ನಿಂತಿದ್ದವು. ಋತುವಿನ ಆರಂಭದಲ್ಲಿ ಮಯಾಮಿ ನೋಟರ್ ಡೇಮನ್ನು ಸೋಲಿಸಿತ್ತು. ಆದರೂ ಸಮಿತಿ ತನ್ನ ವಾರದ ಪಟ್ಟಿಗಳಲ್ಲಿ ನೋಟರ್ ಡೇಮನ್ನೇ ಮೇಲಿಟ್ಟಿತ್ತು. ಕೊನೆಯ ವಾರಾಂತ್ಯದಲ್ಲಿ ಎರಡೂ ತಂಡಗಳು ಆಡಲೇ ಇಲ್ಲ. ಭಾನುವಾರ ನೋಡಿದರೆ ಸ್ಥಾನ ಅದಲುಬದಲು! ಮಯಾಮಿ ಒಳಗೆ, ನೋಟರ್ ಡೇಮ್ ಹೊರಗೆ. ಸಿಟ್ಟಿಗೆದ್ದ ನೋಟರ್ ಡೇಮ್ ಬೇರೆ ಯಾವ ಬೌಲ್ ಪಂದ್ಯವನ್ನೂ ಆಡುವುದಿಲ್ಲವೆಂದು ಋತುವನ್ನೇ ಮುಗಿಸಿಬಿಟ್ಟಿತು. ಮಯಾಮಿ ಒಂದಾದ ಮೇಲೊಂದರಂತೆ ಮೂರು ಪಂದ್ಯ ಗೆದ್ದು ಫೈನಲ್‌ಗೇರಿತು. 2026ರ ಜನವರಿ 19ರಂದು ಅದನ್ನು 27-21ರಿಂದ ಸೋಲಿಸಿ ಪಟ್ಟ ಪಡೆದದ್ದು ಇಂಡಿಯಾನ. ಆ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ.